ಬೇರೆ ಉದ್ಯೋಗ: ಇಲ್ಲ

ಫೆಬ್ರವರಿ 9, ಭಾನುವಾರ. ಟೂಂಗಾಬಿ

ಇವತ್ತು ಚರ್ಚಿನಲ್ಲಿ ನಾನು ಮಾಡಿದ ಪ್ರಸಂಗ ನಲವತ್ತೆಂಟು ನಿಮಿಷ. ಯಾರೂ ನಿದ್ದೆ ಮಾಡಲಿಲ್ಲ. ಮಾಡಿದ್ದರೂ ಇಬ್ಬರೋ ಮೂವರೋ, ವಾರವಿಡೀ ದುಡಿದು ಬಂದವರು, ಕ್ಷಮಿಸಬಹುದು. ಉಡುಪಿಯ ಸಭೆಯಲ್ಲಿ ಇದೇ ಪ್ರಸಂಗ ಕೇಳಿ ಜನ ಕಣ್ಣೊರೆಸಿಕೊಂಡಿದ್ದರು. ಇಲ್ಲಿ ಆಶೀರ್ವಾದ ಹೇಳಿ ಕೈ ಕೆಳಗಿಳಿಸುವುದರೊಳಗೆ ಎಲ್ಲರೂ ಕುರ್ಚಿ ಮಡಚಲು ಎದ್ದರು. ಬಾಡಿಗೆ ಹಾಲ್ ನೋಡಿ, ಐದು ಗಂಟೆಗೆ ಕರಾಟೆ ಕಲಿಯುವ ಮಕ್ಕಳು ಬರುತ್ತಾರೆ.

ಆರಾಧನೆ ಮುಗಿದ ಮೇಲೆ ಸಭಾಪಾಲಕ ಬಾಗಿಲಲ್ಲಿ ನಿಂತು ಕೈಕುಲುಕಬೇಕು, ಅದು ಕ್ರಮ. ನಾನು ನಿಂತೆ. ಕೈ ಕೊಡಬೇಕಾದವರೆಲ್ಲ ಎರಡೂ ಕೈಯಲ್ಲಿ ಕುರ್ಚಿ ಹಿಡಿದಿದ್ದರು. ಕಾರ್ಯದರ್ಶಿ ಜಯೇಶ್ ಬಂದು, "ಪಾಸ್ಟರ್, ಸ್ವಲ್ಪ ಆ ಕಡೆ ನಿಲ್ತೀರಾ? ವ್ಯಾಕ್ಯೂಮ್ ಮಾಡ್ಬೇಕಿತ್ತು" ಎಂದ. ನನಗೆ! ಹದಿನೆಂಟು ವರ್ಷ ಸಭಾಸೇವೆ ಮಾಡಿದವನಿಗೆ!

ನಮ್ಮ ಸಭೆಯ ದಂಪತಿ ತುಷಾರ್, ಭವ್ಯಶ್ರೀ ಈ ವಾರವೂ ಬರಲಿಲ್ಲ. ಮೂರನೇ ಭಾನುವಾರ ಇದು. ನನ್ನ ಯಾವ ಮಾತಿಗೆ ಮುಖ ಊದಿಸಿಕೊಂಡರೋ ಗೊತ್ತಿಲ್ಲ. ಹೋಗಿ ವಿಚಾರಿಸಬಹುದಿತ್ತು, ಆದರೆ ಈ ಊರಿನಲ್ಲಿ ಕರೆಯದೆ ಹೋಗುವುದು ಮರ್ಯಾದೆಯಲ್ಲವಂತೆ. ಬೇಕಿದ್ದರೆ ಅವರೇ ಫೋನ್ ಮಾಡಲಿ.

ಫೆಬ್ರವರಿ 11, ಮಂಗಳವಾರ

ಹೆಂಡತಿ ಸುಗುಣಾ ಕೆಲಸದಿಂದ ಬಂದವಳೇ ಚಪ್ಪಲಿ ಕೂಡ ಬಿಚ್ಚದೆ ನೆಲದ ಮೇಲೆ ಅಂಗಾತ ಮಲಗಿದಳು. ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸ್. ಅವಳ ಕೆಲಸದಿಂದಲೇ ನಮಗೆ ಪಿಆರ್, ಅಂದರೆ ಇಲ್ಲೇ ಖಾಯಂ ನೆಲೆಸುವ ಪರವಾನಗಿ, ಸಿಕ್ಕಿದ್ದು, ಅವಳ ಕೆಲಸದಿಂದಲೇ ಯಾರದೋ ಹಿತ್ತಲಿನ ಈ ಎರಡು ಕೋಣೆಯ ಗ್ರಾನಿ ಫ್ಲ್ಯಾಟಿನ ರೆಂಟ್ ಹೋಗುವುದು. ಇಪ್ಪತ್ತೆರಡು ಕುಟುಂಬಗಳ ಸಭೆ ನನಗೆ ಅರ್ಧ ಸಂಬಳವನ್ನಷ್ಟೇ ಕೊಡಬಲ್ಲದು. ಅದನ್ನು ಅವರು ಮೊದಲೇ ಹೇಳಿದ್ದರು, ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

"ನೋಡಿ, ನನ್ನಿಂದ ಇನ್ನು ಡಬಲ್ ಶಿಫ್ಟ್ ಆಗುದಿಲ್ಲ. ಸೊಂಟ ಬಿದ್ದು ಹೋಗಿದೆ. ನೀವೂ ಎಂತಾದ್ರೂ ಒಂದು ಕೆಲಸ ಹಿಡಿಯಿರಿ" ಎಂದಳು.

"ನನಗೆ ಕೆಲಸ ಉಂಟಲ್ಲ?"

"ಭಾನುವಾರ ಉಂಟು. ಸೋಮವಾರದ ಕಥೆ ಹೇಳಿ."

ಪ್ಯಾರಮಟ್ಟಾದಲ್ಲಿ ಆಫೀಸ್ ಕ್ಲೀನಿಂಗ್ ಕೆಲಸ ಖಾಲಿ ಇದೆಯಂತೆ. ಬೆಳಿಗ್ಗೆ ಐದರಿಂದ ಎಂಟು. ಅವಳ ಜೊತೆ ಕೆಲಸ ಮಾಡುವವಳು ಹೇಳಿದಳಂತೆ. ನಾನು ಗ್ರೀಕ್, ಹೀಬ್ರೂ ಓದಿದವನು ಎಂದು ನೆನಪಿಸಿದೆ.

"ಗ್ರೀಕಲ್ಲಿ ನೆಲ ಒರೆಸುದಕ್ಕೆ ಎಂತ ಹೇಳ್ತಾರೆ ಮಾರಾಯ್ರೆ?"

ಅವಳು ಎದ್ದು ಕೂರಲು ನನ್ನ ಕೈ ಹಿಡಿಯಬೇಕಾಯಿತು. ಅದನ್ನು ನೋಡಿ ಸಂಕಟವಾಯಿತು. ಹೂಂ ಎಂದೆ.

ಫೆಬ್ರವರಿ 20, ಗುರುವಾರ

ಕೆಲಸ ಶುರುವಾಗಿ ನಾಲ್ಕು ದಿನ. ಸುಗುಣಾಳನ್ನು ಬಿಟ್ಟು ಯಾರಿಗೂ ತಿಳಿದಿಲ್ಲ, ತಿಳಿಯುವುದೂ ಬೇಡ. ಉಪಾಯ ಚೆನ್ನಾಗಿದೆ. ಮನೆಯಿಂದ ಕರಿ ಅಂಗಿ, ಬಿಳಿ ಕಾಲರ್ ಹಾಕಿಕೊಂಡೇ ಹೊರಡುತ್ತೇನೆ. ದಾರಿಯಲ್ಲಿ ಯಾರಾದರೂ ಕಂಡರೆ ಆಸ್ಪತ್ರೆಯಲ್ಲಿ ರೋಗಿಯೊಬ್ಬರನ್ನು ನೋಡಬೇಕಿತ್ತು ಎನ್ನಬಹುದು. ಪ್ಯಾರಮಟ್ಟಾ ಸ್ಟೇಷನ್ನಿನ ಶೌಚಾಲಯದಲ್ಲಿ ಕಾಲರ್ ತೆಗೆದು, ಆ ಹಳದಿ ಹೊಳೆಯುವ ವೆಸ್ಟ್ ಹಾಕುವುದು. ಎಂಟಕ್ಕೆ ಮತ್ತೆ ಅದೇ ಜಾಗದಲ್ಲಿ ಸಭಾಪಾಲಕನಾಗುವುದು.

ಸೂಪರ್‌ವೈಸರ್ ಧಾರವಾಡದ ಕಡೆಯವರು, ಶಂಭುಲಿಂಗ. ಅರವತ್ತರ ಹತ್ತಿರ. ಮೊದಲ ದಿನವೇ ನನ್ನ ಕೈಗೆ ಬಟ್ಟೆಗಳನ್ನು ಕೊಟ್ಟು ಪಾಠ ಹೇಳಿದರು. "ಕೆಂಪ ಅರಿವಿ ಪಾಯಿಖಾನಿಗೆ. ಹಸರ ಅಡಗೀಮನಿಗೆ. ನೀಲಿ ಮೇಜಿಗೆ. ಒಂದರಾಗ ಒಂದ ಕೂಡಸಬ್ಯಾಡ್ರಿ." ಎರಡನೇ ದಿನ ನಾನು ಕೆಂಪು ಬಟ್ಟೆಯಲ್ಲಿ ಅಡುಗೆಮನೆಯ ಮೇಜು ಒರೆಸಿಬಿಟ್ಟೆ. ಅವರು ಒಂದು ಮಾತೂ ಬೈಯದೆ ಇಡೀ ಮೇಜನ್ನು ಎರಡು ಸಲ ತೊಳೆದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇವತ್ತು ಕೆಲಸ ಮಾಡುತ್ತ ಗೊತ್ತಿಲ್ಲದೆ ಕೀರ್ತನೆ ಗುನುಗಿದೆ. "ನೀವು ಕ್ರಿಶ್ಚನ್ನರೇನ್ರಿ?" ಎಂದು ಕೇಳಿದರು. ಪಾದ್ರಿ ಎಂದು ಬಾಯಿಬಿಟ್ಟೆ. ಯಾರಿಗೂ ಹೇಳಬೇಡಿ ಎಂದೂ ಕೇಳಿಕೊಂಡೆ.

"ಯಾಕ್ರಿ? ಏನರೆ ಕದ್ದೀರೇನು?" ಎಂದರು. ಅವರಿಗೆ ನನ್ನ ಸ್ಥಾನದ ಗಾಂಭೀರ್ಯ ಅರ್ಥವಾಗಲಿಕ್ಕಿಲ್ಲ.

ಮಾರ್ಚ್ 2, ಭಾನುವಾರ

ಕರ್ತನಿಗೆ ಸ್ತೋತ್ರ! ಮೆಲ್ಬರ್ನಿನಿಂದ ಕರೆ ಬಂತು. ಅಲ್ಲಿಯ ಟಾರ್ನೀಟ್ ಬಡಾವಣೆಯ ಕನ್ನಡ ಸಭೆಗೆ ಪೂರ್ಣಾವಧಿ ಸಭಾಪಾಲಕ ಬೇಕಂತೆ. ನನ್ನ ಪ್ರಸಂಗಗಳ ವಿಡಿಯೋ ನೋಡಿದ್ದಾರಂತೆ. ಸಮಿತಿಯ ಅಧ್ಯಕ್ಷ ದರ್ಶನ್ ಮೂವತ್ತು ನಿಮಿಷ ಮಾತಾಡಿದರು. ಎಂಬತ್ತು ಕುಟುಂಬ, ಪೂರ್ತಿ ಸಂಬಳ, ಸಭೆಯದೇ ಹೊಸ ಮನೆ, ಕಾರು. ಏಪ್ರಿಲ್ ಆರರಂದು ಬಂದು ಒಂದು ಪ್ರಸಂಗ ಮಾಡಬೇಕು. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ದೀನತೆ.

ಸುಗುಣಾ ಹೊಸ ಮನೆಗೆ ಎಷ್ಟು ಬೆಡ್‌ರೂಮ್ ಎಂದು ಕೇಳಿದಳು. ನಾಲ್ಕು ಎಂದೆ. ಅವಳು ನಕ್ಕಳು. ಅಂಥ ನಗು ನೋಡಿ ವರ್ಷವಾಗಿತ್ತು.

ಅರ್ಜಿ ತುಂಬಿ ಕಳಿಸಿದೆ. ಐದು ಪುಟ. ನಾಲ್ಕನೇ ಪುಟದಲ್ಲಿ "ಸಭಾಸೇವೆಯಲ್ಲದೆ ಬೇರೆ ಉದ್ಯೋಗ" ಎಂದು ಒಂದು ಸಾಲು. ಸ್ವಲ್ಪ ಹೊತ್ತು ಯೋಚಿಸಿ "ಇಲ್ಲ" ಎಂದು ಬರೆದೆ. ಬೆಳಿಗ್ಗೆ ಮೂರು ತಾಸು ಕಸ ತೆಗೆಯುವುದನ್ನು ಉದ್ಯೋಗ ಎನ್ನುತ್ತಾರೆಯೇ? ತಾತ್ಕಾಲಿಕ ವ್ಯವಸ್ಥೆ ಅದು.

ಮಾರ್ಚ್ 7, ಶುಕ್ರವಾರ

ದೀನತೆಯ ಪ್ರಸಂಗ ಅದ್ಭುತವಾಗಿ ಬರುತ್ತಿದೆ. ಈಗಲೇ ಇಪ್ಪತ್ತೆರಡು ಪುಟ. ದೀನತೆಯ ಬಗ್ಗೆ ನನ್ನಷ್ಟು ಆಳವಾಗಿ ಮಾತಾಡುವವರು ಈ ಖಂಡದಲ್ಲಿ ಇನ್ನೊಬ್ಬರಿರಲಾರರು.

ಮಗಳು ಪ್ರಣತಿ ಶಾಲೆಗೆ ಹೊರಡುವಾಗ ಅಪ್ಪಿಕೊಂಡು ಮೂಗು ಮುರಿದಳು. "ಅಪ್ಪಾ, ಯು ಸ್ಮೆಲ್ ಲೈಕ್ ಲೆಮನ್. ಎವ್ರಿ ಡೇ." ಹೊಸ ಸೋಪು ಎಂದೆ. ಹತ್ತು ವರ್ಷದವಳು, ನನ್ನ ಮುಖ ನೋಡಿ ಬ್ಯಾಗ್ ಹೆಗಲಿಗೇರಿಸಿದಳು.

ಮಾರ್ಚ್ 18, ಮಂಗಳವಾರ

ಇದನ್ನು ಬರೆಯುವುದೋ ಬಿಡುವುದೋ ಗೊತ್ತಾಗುತ್ತಿಲ್ಲ.

ಇವತ್ತು ಎದ್ದಿದ್ದು ತಡವಾಯಿತು. ಪ್ಯಾರಮಟ್ಟಾದಲ್ಲಿ ಬಟ್ಟೆ ಬದಲಿಸಲು ಸಮಯವಿಲ್ಲವೆಂದು ವೆಸ್ಟ್ ಹಾಕಿಕೊಂಡೇ ರೈಲು ಹತ್ತಿದೆ. ಬೋಗಿಯಲ್ಲಿ ನಾಲ್ಕೈದು ಜನ. ವೆಂಟ್‌ವರ್ತ್‌ವಿಲ್‌ನಲ್ಲಿ ಒಬ್ಬಳು ಹತ್ತಿ ಎದುರು ಸಾಲಿನಲ್ಲಿ ಕೂತಳು. ತಲೆಗೆ ಹುಡ್, ಕಾಲಿಗೆ ಉಕ್ಕಿನ ಮೂತಿಯ ಬೂಟು, ತೊಡೆಯ ಮೇಲೆ ಊಟದ ಡಬ್ಬಿ. ಅವಳು ಮುಖ ಎತ್ತಿದಾಗ ತಿಳಿಯಿತು, ಭವ್ಯಶ್ರೀ.

ಅವಳೂ ನನ್ನನ್ನು ನೋಡಿದಳು. ನನ್ನ ಮುಖ, ಆಮೇಲೆ ವೆಸ್ಟ್. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು.

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಹೊರಗೆ ಕತ್ತಲೆ, ನೋಡುವುದಕ್ಕೆ ಏನೂ ಇರಲಿಲ್ಲ. ಆದರೂ ಪ್ಯಾರಮಟ್ಟಾ ಬರುವವರೆಗೆ ಅದನ್ನೇ ನೋಡಿದೆ. ಇಳಿಯುವಾಗಲೂ ಆ ಕಡೆ ತಿರುಗಲಿಲ್ಲ.

ಮಾರ್ಚ್ 19, ಬುಧವಾರ

ಅವಳೂ ನನ್ನನ್ನು ಮಾತಾಡಿಸಲಿಲ್ಲವಲ್ಲ. ಇಬ್ಬರಿಗೂ ಅದೇ ಅನುಕೂಲವಾಗಿತ್ತು.

ಇವತ್ತು ಒಂದು ಟ್ರೈನ್ ಮೊದಲೇ ಹೋದೆ.

ಮಾರ್ಚ್ 29, ಶನಿವಾರ

ಹತ್ತು ದಿನ ಏನೂ ಬರೆಯಲಿಲ್ಲ. ಪ್ರಸಂಗವೂ ಮುಂದೆ ಹೋಗುತ್ತಿಲ್ಲ. "ತನ್ನನ್ನು ತಗ್ಗಿಸಿಕೊಳ್ಳುವವನು" ಎಂಬಲ್ಲಿಗೆ ಬಂದಾಗಲೆಲ್ಲ ಆ ಊಟದ ಡಬ್ಬಿ ಕಣ್ಣಿಗೆ ಬರುತ್ತದೆ. ಕುರಿ ತಪ್ಪಿಸಿಕೊಂಡರೆ ಹುಡುಕಿಕೊಂಡು ಹೋಗಬೇಕೆಂದು ಎಷ್ಟು ಸಲ ಪ್ರಸಂಗ ಮಾಡಿದ್ದೇನೆ. ಇಲ್ಲಿ ಕುರಿ ತಾನಾಗಿ ಬಂದು ಎದುರಿಗೆ ಕೂತಿತ್ತು. ಕುರುಬನೇ ಮುಖ ತಿರುಗಿಸಿದ.

ನಿನ್ನೆ ಕೆಲಸ ಮುಗಿದ ಮೇಲೆ ಶಂಭುಲಿಂಗ ಅವರಿಗೆ ಒಂದಿಷ್ಟು ಪುಟ ಓದಿ ಹೇಳಿದೆ. ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದೆವು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಭಾಳ ಛಲೋ ಐತ್ರಿ. ಆದ್ರ ಇದು ಯಾರ ಬಗ್ಗೆ?"

"ಎಲ್ಲರ ಬಗ್ಗೆ."

"ಅದಕ್ಕಽ ಯಾರದೂ ಮುಖ ಕಾಣವಲ್ದು" ಎಂದು ಕಪ್ಪನ್ನು ಕೊಡವಿ ಎದ್ದರು.

ಇನ್ನೊಂದು: ಭಾನುವಾರ ಕುರ್ಚಿ ಜೋಡಿಸುವಾಗ ಜಯೇಶ್, "ಪಾಸ್ಟರ್, ನೀವು ಆರಾರು ಒಟ್ಟಿಗೆ ಎತ್ತುತ್ತೀರಲ್ಲ, ಬೆನ್ನು ಜೋಪಾನ" ಎಂದ. ಕಾರ್ಪೆಟ್ಟಿನ ಮೇಲೆ ಕೆಚಪ್ ಬಿದ್ದಿತ್ತು. ಇವರು ಅದನ್ನು ಬಿಸಿನೀರು ಹಾಕಿ ಉಜ್ಜುತ್ತಾರೆ, ಕಲೆ ಕೂತುಬಿಡುತ್ತದೆ. ತಣ್ಣೀರು ಹಾಕಬೇಕು. ಹೇಳಿಕೊಟ್ಟೆ.

ಏಪ್ರಿಲ್ 5, ಶನಿವಾರ. ಟಾರ್ನೀಟ್

ವಿಮಾನ ನಿಲ್ದಾಣಕ್ಕೆ ಮೂರು ಕಾರು ಬಂದಿದ್ದವು. ಒಬ್ಬ ನನ್ನ ಚೀಲ ಎತ್ತಿಕೊಂಡ. ನಾನೇ ಹಿಡಿಯುತ್ತೇನೆ ಎಂದರೂ ಬಿಡಲಿಲ್ಲ. ಕೈ ಖಾಲಿಯಾಗಿ ಏನೋ ತಪ್ಪಿಹೋದ ಹಾಗಿತ್ತು.

ಸಭಾಪಾಲಕರ ಮನೆ ತೋರಿಸಿದರು. ಹೊಸ ಬಡಾವಣೆ, ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಸಿನಿಮಾ ನೋಡಲೆಂದೇ ಒಂದು ಕೋಣೆ. ಸುಗುಣಾಳಿಗೆ ವಿಡಿಯೋ ಕಳಿಸಿದೆ. "ಅಡುಗೆಮನೆ ಇನ್ನೊಮ್ಮೆ ತೋರ್ಸಿ" ಎಂದು ಬರೆದಳು. ನನಗೂ ಈ ಮನೆ ಬೇಕು. ಸುಳ್ಳೇಕೆ ಹೇಳಲಿ, ಬಹಳ ಬೇಕು. ಅವಳಿಗಾಗಿ ಬೇಕು.

ದರ್ಶನ್ ಒಳ್ಳೆಯ ಮನುಷ್ಯ. ಊಟ ಮಾಡುವಾಗ, "ಪಾಸ್ಟರ್, ನಿಮ್ಮಂಥ ಫುಲ್ ಟೈಮ್ ಸೇವಕರು ಸಿಗೋದೇ ಕಷ್ಟ. ಈಗೆಲ್ಲ ಊಬರ್ ಓಡಿಸ್ಕೊಂಡು ಪ್ರಸಂಗ ಮಾಡೋರೇ ಜಾಸ್ತಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಏಪ್ರಿಲ್ 6, ಭಾನುವಾರ. ವಿಮಾನದಲ್ಲಿ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಆರಾಧನೆಗೆ ಹತ್ತು ನಿಮಿಷ ಇತ್ತು. ಹಾಲ್ ತುಂಬಿತ್ತು. ನಾನು ಬಿಳಿ ನಿಲುವಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದೆ. ನಡುವಿನ ದಾರಿಯಲ್ಲಿ ಓಡಿಬಂದ ಒಂದು ಮಗು ನಿಂತಲ್ಲೇ ವಾಂತಿ ಮಾಡಿತು. ಕಾರ್ಪೆಟ್ಟಿನ ಮೇಲೆ, ಸುಮಾರಾಗಿಯೇ. ರೇಷ್ಮೆ ಸೀರೆಗಳೆಲ್ಲ ಹಿಂದೆ ಸರಿದವು. ಮಗುವಿನ ತಾಯಿ ಕೆಂಪೇರಿ, ಕೈಯಲ್ಲಿದ್ದ ಎರಡು ಟಿಶ್ಯೂ ಹಿಡಿದು ಮೊಣಕಾಲೂರಿ, ಇದ್ದದ್ದನ್ನು ಇನ್ನಷ್ಟು ಹರಡುತ್ತಿದ್ದಳು. ಅವಳು ಅಳುವುದರಲ್ಲಿದ್ದಳು.

ನಾನು ಎದ್ದು ಹೋದದ್ದು ಯೋಚಿಸಿ ಅಲ್ಲ. ಅವಳು ತಪ್ಪಾಗಿ ಒರೆಸುತ್ತಿದ್ದಳು, ಅಷ್ಟೇ. ಅಂಚಿನಿಂದ ಮಧ್ಯಕ್ಕೆ ಬರಬೇಕು, ಮಧ್ಯದಿಂದ ಅಂಚಿಗಲ್ಲ. ನಿಲುವಂಗಿಯನ್ನು ಲುಂಗಿಯ ಹಾಗೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಕೆಟ್, ಗ್ಲವ್ಸ್ ಎಲ್ಲಿವೆ ಎಂದು ಕೇಳಿದೆ.

ದರ್ಶನ್ ಓಡಿಬಂದರು. "ಪಾಸ್ಟರ್, ನೀವ್ಯಾಕೆ, ಪ್ಲೀಸ್ ಬಿಡಿ. ಕ್ಲೀನರ್‌ಗೆ ಫೋನ್ ಮಾಡ್ತೀನಿ."

"ಫೋನ್ ಯಾಕೆ, ಇಲ್ಲೇ ಇದ್ದೇನಲ್ಲ. ಪ್ಯಾರಮಟ್ಟಾದಲ್ಲಿ ದಿನಾ ಬೆಳಿಗ್ಗೆ ಮಾಡುವ ಕೆಲಸವೇ ಇದು" ಎಂದೆ.

ಹೇಳಿದ ಮೇಲೆ ತಿಳಿಯಿತು, ಏನು ಹೇಳಿದೆ ಎಂದು. ಹಾಲ್ ಪೂರ್ತಿ ಕೇಳಿಸಿಕೊಂಡಿತ್ತು. ಇನ್ನೇನು ಮಾಡುವುದು, ಒರೆಸಿ ಮುಗಿಸಿದೆ. ತಾಯಿಗೆ, "ಮಗುವಿಗೆ ಸ್ವಲ್ಪ ನೀರು ಕೊಡಮ್ಮ, ಏನೂ ಆಗಿಲ್ಲ" ಎಂದೆ.

ಪ್ರಸಂಗದ ಕಾಗದಗಳನ್ನು ತೆರೆಯಲಿಲ್ಲ. ನನಗೆ ಗೊತ್ತಿರುವುದನ್ನು ಹೇಳಿದೆ. ಸ್ಟೇಷನ್ನಿನ ಶೌಚಾಲಯದಲ್ಲಿ ಕಾಲರ್ ಬಿಚ್ಚುವುದು. ರೈಲಿನಲ್ಲಿ ನಮ್ಮ ಸಭೆಯ ಒಬ್ಬ ತಂಗಿ ಎದುರು ಕೂತಾಗ ಕಿಟಕಿಗೆ ತಿರುಗಿಕೊಂಡದ್ದು. ದೀನನಾಗಿ ಹುಟ್ಟಿದ ಕರ್ತನ ಹೆಸರಿನಲ್ಲಿ ಸಂಬಳ ತೆಗೆದುಕೊಳ್ಳುವವನು ಒಂದು ಬಕೆಟ್ಟಿಗೆ ನಾಚಿದ್ದು. ನಿಮ್ಮ ಅರ್ಜಿಯಲ್ಲಿ ನಾನು ಸುಳ್ಳು ಬರೆದಿದ್ದೇನೆ, ಕ್ಷಮಿಸಿ ಎಂದೆ. ಹನ್ನೆರಡು ನಿಮಿಷಕ್ಕೆ ಮುಗಿಯಿತು.

ವಿಮಾನ ನಿಲ್ದಾಣಕ್ಕೆ ಬರುವಾಗ ಒಂದೇ ಕಾರು. ದರ್ಶನ್ ಓಡಿಸಿದರು. ಇಳಿಯುವಾಗ, "ನಿನ್ನೆ ಊಬರ್ ಅಂದಿದ್ದಕ್ಕೆ ಸಾರಿ ಪಾಸ್ಟರ್" ಎಂದರು.

ಆ ಅಡುಗೆಮನೆ ನೆನಪಾಗುತ್ತಿದೆ. ಸುಗುಣಾಳಿಗೆ ಹೇಗೆ ಹೇಳಲಿ?

ಏಪ್ರಿಲ್ 7, ಸೋಮವಾರ

ಹಳೆಯ ಟ್ರೈನಿಗೇ ಹೋದೆ. ಭವ್ಯಶ್ರೀ ಹತ್ತಿದಳು. ಎದ್ದು ಹೋಗಿ ಅವಳ ಎದುರು ಕೂತೆ.

"ಅವತ್ತು ನಾನು ನೋಡಿಯೂ ನೋಡದ ಹಾಗೆ ಮಾಡಿದೆ. ತಪ್ಪಾಯ್ತಮ್ಮ" ಎಂದೆ.

ಅವಳು ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಾನು ಯಾರಿಗೂ ಹೇಳಿಲ್ಲ ಪಾಸ್ಟರ್. ತುಷಾರ್‌ಗೂ ಹೇಳಿಲ್ಲ."

ನನ್ನ ಮರ್ಯಾದೆಯನ್ನು ಅವಳು ಮೂರು ವಾರ ಕಾಪಾಡಿಕೊಂಡು ಬಂದಿದ್ದಳು. ನನಗೆ ಅಲ್ಲೇ ಅಳು ಬಂತು.

ತುಷಾರನ ಕೆಲಸ ಸೆಪ್ಟೆಂಬರಿನಲ್ಲೇ ಹೋಗಿದೆ. ಮಾರ್ಟ್‌ಗೇಜಿನ ಸಾಲದ ಕಂತು ಕಟ್ಟಲಾಗದೆ ಮನೆ ಮಾರಿ ವೆಂಟ್‌ವರ್ತ್‌ವಿಲ್‌ನಲ್ಲಿ ಸಣ್ಣ ಬಾಡಿಗೆ ಯೂನಿಟ್ ಹಿಡಿದಿದ್ದಾರೆ. ಅವಳು ತರಕಾರಿ ಪ್ಯಾಕ್ ಮಾಡುವ ಶೆಡ್ಡಿಗೆ ಹೋಗುತ್ತಾಳೆ. ಸಂಜೆಯವರೆಗೆ ಶಿಫ್ಟ್, ಮಕ್ಕಳ ಮುಖ ನೋಡುವುದಕ್ಕೂ ಸಮಯವಿಲ್ಲ.

"ಚರ್ಚಿಗೆ ಯಾಕೆ ಬರಲಿಲ್ಲ? ನಾವು ಏನಾದರೂ ಅನ್ನುತ್ತಿದ್ದೆವೆಯೇ?"

"ಅನ್ನಲ್ಲ ಪಾಸ್ಟರ್. ಕೇಳ್ತಾರೆ. ಮನೆ ಹೇಗಿದೆ, ತುಷಾರ್ ಯಾವ ಪ್ರಾಜೆಕ್ಟಲ್ಲಿದಾನೆ, ಹಾಲಿಡೇಗೆ ಎಲ್ಲಿಗೆ? ಎಲ್ಲರೂ ಪ್ರೀತಿಯಿಂದಾನೇ ಕೇಳ್ತಾರೆ. ನನ್ನ ಹತ್ರ ಹೇಳೋಕೆ ಏನಿದೆ?"

ಏಪ್ರಿಲ್ 13, ಗರಿಗಳ ಭಾನುವಾರ

ಪ್ರಸಂಗಕ್ಕೆ ಮೊದಲೇ ನನ್ನ ಕೆಲಸದ ವಿಷಯ ಹೇಳಿಬಿಟ್ಟೆ. ಎಲ್ಲಿ, ಎಷ್ಟು ಗಂಟೆಗೆ, ಏನು ಮಾಡುತ್ತೇನೆ, ಎಲ್ಲವನ್ನೂ. ಪ್ರಣತಿ ಮುಂದಿನ ಸಾಲಿನಿಂದ ಅಮ್ಮನಿಗೆ, "ಐ ನ್ಯೂ ಇಟ್" ಎಂದದ್ದು ಎಲ್ಲರಿಗೂ ಕೇಳಿಸಿತು.

ಜಯೇಶನಿಗೆ ನೋವಾಗಿದೆ. "ನಮಗೆ ಮೊದಲೇ ಹೇಳಬಾರದಿತ್ತಾ? ನಮ್ಮ ಪಾಸ್ಟರ್ ಟಾಯ್ಲೆಟ್ ತೊಳೀತಾರೆ ಅಂದ್ರೆ ಸಭೆಗೇ ಅವಮಾನ ಅಲ್ವಾ?" ಎಂದು ಪಕ್ಕಕ್ಕೆ ಕರೆದು ಹೇಳಿದ. ಅವನ ಮೇಲೆ ಸಿಟ್ಟು ಬರಲಿಲ್ಲ. ಎರಡು ತಿಂಗಳ ಹಿಂದೆ ನಾನೂ ಅದೇ ಮಾತು ಆಡುತ್ತಿದ್ದೆ.

ಚಹಾದ ಹೊತ್ತಿನಲ್ಲಿ ವಿಚಿತ್ರ ನಡೆಯಿತು. ಬ್ಯಾಂಕಿನಲ್ಲಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದ ಹಿರಿಯರೊಬ್ಬರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ನಾನೂ ಬ್ಯಾಂಕಲ್ಲೇ ಪಾಸ್ಟರ್. ಆದ್ರೆ ಬಾಗಿಲಲ್ಲಿ. ಸೆಕ್ಯುರಿಟಿ" ಎಂದರು. ಅವರ ಹೆಂಡತಿ ಹೋಟೆಲಿನಲ್ಲಿ ಹಾಸಿಗೆ ಹಾಸುತ್ತಾರಂತೆ. ಅವರ ಮಾತು ಕೇಳಿ ಇನ್ನೊಬ್ಬ, ಮೈಸೂರಿನಲ್ಲಿ ಕಾಲೇಜು ಲೆಕ್ಚರರ್ ಆಗಿದ್ದವನು, ರಾತ್ರಿ ಪಾಳಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುವುದನ್ನು ಹೇಳಿದ. ಹೇಳಿ ನಕ್ಕ. ನಾಲ್ಕು ಗಂಟೆಗೆ ಕುರ್ಚಿ ಮಡಚುವ ಗಡಿಬಿಡಿ ಯಾರಿಗೂ ನೆನಪಾಗಲಿಲ್ಲ. ಕರಾಟೆ ಮಕ್ಕಳು ಬಂದು ಕಾಯುತ್ತ ನಿಂತಿದ್ದರು.

ಭವ್ಯಶ್ರೀ ಕೊನೆಯ ಸಾಲಿನಲ್ಲಿದ್ದಳು, ಇಬ್ಬರು ಮಕ್ಕಳೊಂದಿಗೆ. ತುಷಾರ್ ಬಂದಿರಲಿಲ್ಲ. ಹೋಗುವಾಗ, "ನಿಮ್ಮ ಕಂಪನಿಯಲ್ಲಿ ಕೆಲಸ ಇದ್ಯಾ ಪಾಸ್ಟರ್? ಎಂಟಕ್ಕೆ ಮುಗಿದ್ರೆ ಮಕ್ಕಳನ್ನ ಸ್ಕೂಲಿಗೆ ಬಿಡ್ಬಹುದು" ಎಂದು ಕೇಳಿದಳು.

ಏಪ್ರಿಲ್ 22, ಮಂಗಳವಾರ

ಟಾರ್ನೀಟಿನಿಂದ ಮೇಲ್ ಬಂತು. ಪ್ರಸಂಗ ಅನೇಕರ ಮನಮುಟ್ಟಿತಂತೆ. ಆದರೆ ಅರ್ಜಿಯಲ್ಲಿ ಸತ್ಯ ಬರೆಯದವರನ್ನು ಕರೆಯುವುದಕ್ಕೆ ಸಮಿತಿ ಒಪ್ಪಲಿಲ್ಲವಂತೆ. ಸರಿಯಾಗಿಯೇ ಇದೆ. ನಾನು ಸಮಿತಿಯಲ್ಲಿದ್ದರೂ ಒಪ್ಪುತ್ತಿರಲಿಲ್ಲ.

ಸುಗುಣಾ ಸ್ವಲ್ಪ ಅತ್ತಳು. ಅವಳಿಗೆ ಅಳುವ ಹಕ್ಕಿದೆ, ಪಕ್ಕದಲ್ಲಿ ಕೂತೆ. ಆಮೇಲೆ, "ನಾಲ್ಕು ಬೆಡ್‌ರೂಮ್ ಯಾರು ಗುಡಿಸುದು ಮಾರಾಯ್ರೆ" ಎಂದಳು. "ನಾನಿದ್ದೆನಲ್ಲ" ಎಂದೆ. ನಕ್ಕಳು. ಈ ತಿಂಗಳಿಂದ ಅವಳಿಗೆ ಒಂದೇ ಶಿಫ್ಟ್.

ಶಂಭುಲಿಂಗ ಅವರ ಹತ್ತಿರ ಭವ್ಯಶ್ರೀಯ ವಿಷಯ ಮಾತಾಡಿದ್ದೇನೆ. ಮುಂದಿನ ಸೋಮವಾರದಿಂದ ಬರಲಿ ಎಂದಿದ್ದಾರೆ.

ಏಪ್ರಿಲ್ 28, ಸೋಮವಾರ

ಭವ್ಯಶ್ರೀಗೆ ಮೊದಲ ದಿನ. ಬಟ್ಟೆಗಳ ಬಣ್ಣವನ್ನು ಒಂದೇ ಸಲಕ್ಕೆ ಕಲಿತಳು. ಕೈ ನನಗಿಂತ ಚುರುಕು. ಏಳೂವರೆಯ ಹೊತ್ತಿಗೆ ಇಬ್ಬರೂ ಬಕೆಟ್ ಹಿಡಿದು ಲಿಫ್ಟಿಗೆ ಕಾಯುತ್ತಿದ್ದಾಗ ಅವಳ ಮುಖ ಸಪ್ಪಗಾಯಿತು. ಆಫೀಸಿನವರು ಬರುವ ಸಮಯ.

"ಪಾಸ್ಟರ್, ಗೊತ್ತಿರೋರು ಯಾರಾದ್ರೂ ಸಿಕ್ಕಿದ್ರೆ ಏನ್ ಹೇಳೋದು?"

"ನಮಸ್ಕಾರ ಹೇಳುದು" ಎಂದೆ.

ಲಿಫ್ಟ್ ತೆರೆಯಿತು. ಒಳಗೆ ಒಬ್ಬಳೇ ಹೆಂಗಸು, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗ್, ಕೈಯಲ್ಲಿ ಕಾಫಿ. ಅವಳನ್ನು ಕಂಡು ಭವ್ಯಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು. ಇವರು ಮಾರಿದ ಮನೆಯ ಪಕ್ಕದ ಮನೆಯವಳು, ಆರತಿ ಅಂತೆ, ಭವ್ಯಶ್ರೀ ಆಮೇಲೆ ಹೇಳಿದಳು. ಕ್ಷಣ ಹೊತ್ತು ಭವ್ಯಶ್ರೀ ಗೋಡೆಯ ಕಡೆ ತಿರುಗಿದಳು. ತಿರುಗಬೇಡ ಎಂದು ಹೇಳುವ ಯೋಗ್ಯತೆ ನನಗೆಲ್ಲಿತ್ತು?

ಅವಳೇ ಈಚೆ ತಿರುಗಿದಳು. "ನಮಸ್ಕಾರ ಆರತಿ. ನಾನು ಇಲ್ಲೇ ಕೆಲಸ ಮಾಡ್ತೀನಿ. ಇವತ್ತಿಂದ."

ಆರತಿ ವೆಸ್ಟ್ ನೋಡಿದಳು, ಬಕೆಟ್ ನೋಡಿದಳು. ಲಿಫ್ಟಿನಿಂದ ಹೊರಗೆ ಬಂದು ಕಾಫಿಯನ್ನು ನನ್ನ ಕೈಗೆ ತುರುಕಿ ಭವ್ಯಶ್ರೀಯ ಎರಡೂ ಭುಜ ಹಿಡಿದಳು.

"ಎಲ್ಲಿ ಹಾಳಾಗಿ ಹೋಗಿದ್ಯೇ ನೀನು? ನಾಲ್ಕು ತಿಂಗಳಿಂದ ಫೋನ್ ಮಾಡ್ತಿದೀನಿ, ಒಂದಾದ್ರೂ ಎತ್ತಿದ್ಯಾ?"

ಇಬ್ಬರೂ ಅಳುವುದಕ್ಕೆ ಶುರುಮಾಡಿದರು. ನಾನು ಕಾಫಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಭವ್ಯಶ್ರೀಯ ಬಕೆಟ್ಟನ್ನೂ ಎತ್ತಿಕೊಂಡು ಲಿಫ್ಟ್ ಹತ್ತಿದೆ. ಮೇಲಿನ ಮಹಡಿಯ ಅಡುಗೆಮನೆ ಇನ್ನೂ ಬಾಕಿಯಿತ್ತು.